ಬಿಗೈಲ್: ಹೊಗಳಿಕೆಯೋ, ಬೈಗುಳವೋ?

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ ‘ಬಿಗೈಲ್’ (beguile) ಅನ್ನುವ ಇಂಗ್ಲಿಷ್ ಕ್ರಿಯಾಪದ ಸುಮ್ನೆ ಬಂದು ಹೋಗಿತ್ತು. ಅದರ ಬಗ್ಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಅವಳ ನಿಘಂಟಿನಲ್ಲಿ ‘ಬಿಗೈಲ್’ ಅಂದರೆ ‘ವಂಚಿಸು’ ಅಂತಿದೆ. ಆದರೆ ಇಂಗ್ಲಿಷ್ ಪತ್ರಿಕೆಯೊಂದರ ಪ್ರವಾಸದ ಪುಟದಲ್ಲಿ ಸಕಲೇಶಪುರದ ಬೆಟ್ಟಗಳನ್ನು ‘ಬಿಗೈಲಿಂಗ್’ ಅಂತ ಹೊಗಳಿದ್ದಾರೆ. ಬೆಟ್ಟ ಯಾರಿಗೆ ಮೋಸ ಮಾಡೀತು ಮೇಡಂ?
– ಓದುಗರು, ತಿಪಟೂರು

ಉತ್ತರ: ಪತ್ರಿಕೆ ಬರೆದದ್ದು ಸರಿ. ನಿಘಂಟು ಹೇಳಿದ್ದೂ ಸರಿ, ಆದರೆ ಅರ್ಧ ಹೇಳಿ ಸುಮ್ಮನಾಗಿದೆ.

ಉಳಿದ ಅರ್ಧ ನಿಮ್ಮ ಮನೆಮಾತಿನಲ್ಲೇ ಇದೆ. ‘ಮರುಳುಮಾಡು’ ಅನ್ನುತ್ತೇವಲ್ಲ, ಅದೇ. ತೊಟ್ಟಿಲಲ್ಲಿ ಮಲಗಿದ ಕೂಸು ಬೊಚ್ಚುಬಾಯಿ ಬಿಟ್ಟು ನಕ್ಕರೆ ಅಜ್ಜಿ ಏನನ್ನುತ್ತಾಳೆ? ‘ನಗು ತೋರಿಸಿ ಹೆಂಗೆ ಮರುಳು ಮಾಡ್ತದೆ ನೋಡು’ ಅನ್ನುತ್ತಾಳೆ. ಅದು ಮುದ್ದು. ಅದೇ ಅಜ್ಜಿ ಜಮೀನು ದಲ್ಲಾಳಿಯ ವಿಷಯ ಬಂದಾಗ ‘ಬಣ್ಣದ ಮಾತಾಡಿ, ಮುದುಕಪ್ಪನ್ನ ಮರುಳು ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡ’ ಅನ್ನುತ್ತಾಳೆ. ಅದು ಬೈಗುಳ. ಮಾತು ಒಂದೇ. ಯಾರು ಯಾರಿಗೆ ಯಾಕೆ ಮಾಡಿದರು ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ. ‘ಬಿಗೈಲ್’ ಕೂಡ ಹಾಗೇ.

ಈ ಪದದ ರುಚಿ ನನಗೆ ಪುಸ್ತಕದಿಂದ ಹತ್ತಿದ್ದಲ್ಲ. 1978ರ ಮಾತು. ಅರಸೀಕೆರೆ ಹತ್ತಿರದ ಹಳ್ಳಿ, ನಾನಾಗ ಒಂಬತ್ತನೇ ಕ್ಲಾಸು. ಅಕ್ಕನ ಮದುವೆ ಗೊತ್ತಾಗಿತ್ತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಸೀರೆಗಂಟು ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ಮೊದಲ ಎರಡು ಸಲ ಏನನ್ನೂ ಮಾರಲಿಲ್ಲ. ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದ. ‘ಅಕ್ಕಾ, ನಮ್ಮವ್ವ ಹೋದಮೇಲೆ ಇಂಥ ಮಜ್ಜಿಗೆ ಕುಡಿದೇ ಇರಲಿಲ್ಲ’ ಅಂದ. ತಮ್ಮನ ಹೆಸರು ಕೇಳಿ ತಿಳಿದುಕೊಂಡ. ಮೂರನೇ ಸಲ ಬಂದಾಗ ಅವನ ಕೈಗೆ ಪೆಪ್ಪರಮೆಂಟು ಕೊಟ್ಟ. ಆಮೇಲೆ ಗಂಟು ಬಿಚ್ಚಿದ.

ಮಾವಿನ ಚಿಗುರಿನ ಬಣ್ಣದ ಸೀರೆ. ಎರಡು ಬೆರಳು ಅಗಲದ ಜರಿ ಅಂಚು. ಅಮ್ಮನ ಬೆರಳಿನ ಉಂಗುರ ಕೇಳಿ ಇಸಕೊಂಡ. ಅದರೊಳಗೆ ಸೆರಗಿನ ತುದಿ ತೂರಿಸಿ ಸರ್ರನೆ ಎಳೆದ. ಇಡೀ ಸೀರೆ ನೀರಿನ ಹಾಗೆ ಉಂಗುರದಿಂದ ಇಳಿದು ಅವನ ಮಡಿಲಿಗೆ ಬಂತು. ‘ಅಪ್ಪಟ ಮೈಸೂರು ರೇಷ್ಮೆ. ಅಂಗಡೀಲಿ 450. ನಿಮ್ಮ ಹತ್ರ ಲಾಭ ತಗೊಂಡ್ರೆ ನನಗೆ ಒಳ್ಳೇದಾಗುತ್ತಾ ಅಕ್ಕಾ? 280 ಕೊಡಿ ಸಾಕು.’ ಕೊಬ್ಬರಿ ಮಾರಿದಾಗಲೆಲ್ಲ ಐದೋ ಹತ್ತೋ ತೆಗೆದು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡನ್ನು ಅಮ್ಮ ಎಣಿಸಿ ಕೊಟ್ಟಳು. ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಮದುವೆಗೆ ವಾರ ಇರುವಾಗ ಸೋದರತ್ತೆ ಬಂದರು. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ತುದಿಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ನಿಜವಾದ ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರಬೇಕು. ಬೆರಳಲ್ಲಿ ಒತ್ತಿದರೆ ಕರಿಬೂದಿ ಪುಡಿಪುಡಿ ಆಗಬೇಕು. ಈ ಎಳೆ ಕಾಗದದ ಹಾಗೆ ಭಗ್ಗನೆ ಉರಿಯಿತು. ವಾಸನೆಯೂ ಕಾಗದದ್ದೇ. ಅದು ಆರ್ಟ್ ಸಿಲ್ಕು, ಅಂದರೆ ಕೃತಕ ರೇಷ್ಮೆ.

ಅಪ್ಪ ‘ಮೋಸ ಮಾಡ್ದ ನನ್ಮಗ’ ಅಂದರು. ಅಮ್ಮ ಹಾಗೆ ಅನ್ನಲಿಲ್ಲ. ತುಂಬ ಹೊತ್ತು ಸೀರೆಯ ಮೇಲೆ ಕೈಯಾಡಿಸುತ್ತ ಕೂತಿದ್ದು, ‘ಮರುಳುಮಾಡಿಬಿಟ್ಟ ಕಣೇ’ ಅಂದಳು.

ಅಪ್ಪನ ಮಾತಿಗೆ ಇಂಗ್ಲಿಷಿನಲ್ಲಿ ‘ಚೀಟ್’ ಸಾಕು. ಅಮ್ಮನ ಮಾತಿಗೆ ‘ಬಿಗೈಲ್’ ಬೇಕು. ಆ ಒಂದು ತಿಂಗಳು ಅಮ್ಮ ಪಟ್ಟ ಖುಷಿ ನಿಜವಾದದ್ದು. ಅವನು ಮಜ್ಜಿಗೆ ಹೊಗಳಿದ್ದು ಅವಳಿಗೆ ಹಿತವಾಗಿತ್ತು. ಉಂಗುರದಿಂದ ಸೀರೆ ಇಳಿದದ್ದು ಚೆಂದವೇ ಆಗಿತ್ತು. ಸಿಹಿಯ ದಾರಿಯಲ್ಲೇ ಮೋಸ ಬಂದಾಗ, ಸಿಹಿಯನ್ನೂ ಮೋಸವನ್ನೂ ಒಟ್ಟಿಗೆ ಹಿಡಿಯುವ ಪದ ಇದು.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ಬೆಟ್ಟಕ್ಕೆ ಉದ್ದೇಶ ಅಂತ ಇಲ್ಲ. ನಿಮ್ಮ ಜೇಬಿನ ಮೇಲೆ ಅದಕ್ಕೆ ಕಣ್ಣಿಲ್ಲ. ಹಾಗಾಗಿ ಮೋಸ ಕಳಚಿ ಬಿದ್ದು ಮೋಡಿ ಮಾತ್ರ ಉಳಿಯುತ್ತದೆ. ಬೆಟ್ಟ, ದನಿ, ನಗು, ಪರಿಮಳ – ಇಂಥವಕ್ಕೆ ‘ಬಿಗೈಲಿಂಗ್’ ಅಂದರೆ ಅದು ಹೊಗಳಿಕೆ. ಮನಸ್ಸು ಸೆಳೆಯುವ, ಮರುಳುಮಾಡುವ ಅಂತ ಅರ್ಥ. ವಾಕ್ಯದಲ್ಲಿ ಒಬ್ಬ ಮನುಷ್ಯನಿದ್ದು, ಅವನಿಗೆ ಏನಾದರೂ ಬೇಕಾಗಿದ್ದರೆ ಮಾತ್ರ ಮೋಸದ ಅರ್ಥ ಹುಡುಕಿ. ಪದದ ಪಕ್ಕ ‘ಇಂಟು’ ಇದ್ದರೆ ಅನುಮಾನವೇ ಬೇಡ. ‘ಹಿ ಬಿಗೈಲ್ಡ್ ಹರ್ ಇಂಟು ಬೈಯಿಂಗ್ ಇಟ್’ ಅಂದರೆ ‘ಮರುಳುಮಾಡಿ ಕೊಳ್ಳುವ ಹಾಗೆ ಮಾಡಿದ’ ಅಂತ. ಅಮ್ಮನ ವಾಕ್ಯ ಅದೇ.

ಪ್ರಶ್ನೆ: ಇದನ್ನು ಹೇಗೆ ಉಚ್ಚರಿಸಬೇಕು? ನಮ್ಮ ಟ್ಯೂಷನ್ ಸರ್ ‘ಬಿಗುಯಿಲ್’ ಅನ್ನುತ್ತಾರೆ.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಿ-ಗೈಲ್. ಒತ್ತು ‘ಗೈಲ್’ ಮೇಲೆ. ‘ಜಿ’ ಆದಮೇಲೆ ಬರುವ ‘ಯು’ ಅಕ್ಷರಕ್ಕೆ ಇಲ್ಲಿ ಸದ್ದಿಲ್ಲ. ಅದು ಇಲ್ಲದಿದ್ದರೆ ಓದುವವರು ‘ಜೈಲ್’ ಅಂದುಬಿಡಬಹುದು. ಗಕಾರವನ್ನು ಗಟ್ಟಿಯಾಗಿ ಇಡುವುದಕ್ಕೆ ಅದು ಕಾವಲು ನಿಂತಿದೆ. ಗೈಡ್, ಗಿಟಾರ್, ಗೆಸ್ಟ್ ಪದಗಳಲ್ಲೂ ಅದೇ ಕೆಲಸ. ‘ಗೈಡ್’ ಅಂತ ನಿಮಗೆ ಬರುತ್ತದಲ್ಲ, ಅದರ ‘ಡ್’ ತೆಗೆದು ‘ಲ್’ ಹಾಕಿ.

ಪ್ರಶ್ನೆ: ಇದು ಎಲ್ಲಿಂದ ಬಂದ ಪದ? ಚೀಟ್, ಡಿಸೀವ್, ಚಾರ್ಮ್ ಇರುವಾಗ ಇದೊಂದು ಜಾಸ್ತಿ ಯಾಕೆ?
– ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಉತ್ತರ: ‘ಗೈಲ್’ ಅಂದರೆ ಕಪಟ, ತಂತ್ರ. ಅದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಅದರ ಮೊದಲಿಗೆ ‘ಬಿ’ ಸೇರಿಸಿ 13ನೇ ಶತಮಾನದ ಹೊತ್ತಿಗೆ ಕ್ರಿಯಾಪದ ಮಾಡಿಕೊಂಡರು. ‘ಫ್ರೆಂಡ್’ಗೆ ‘ಬಿ’ ಸೇರಿಸಿ ‘ಬಿಫ್ರೆಂಡ್’ ಅನ್ನುವ ಹಾಗೆ. ಇಂಗ್ಲಿಷಿನಲ್ಲಿ ‘ವೈಲ್’ ಅಂತ ಇನ್ನೊಂದು ಪದ ಇದೆ, ಅದಕ್ಕೂ ಕುತಂತ್ರ ಅಂತಲೇ ಅರ್ಥ. ‘ಗೈಲ್’, ‘ವೈಲ್’ ಒಂದೇ ಬೇರಿನವು ಅಂತ ಪಂಡಿತರು ಎಣಿಸುತ್ತಾರೆ.

ಗಕಾರ ವಕಾರ ಹೀಗೆ ಅದಲುಬದಲಾದದ್ದನ್ನು ನೀವು ದಿನಾ ನೋಡುತ್ತೀರಿ. ಮಿಕ್ಸಿ ತಂದಾಗ ಡಬ್ಬಿಯಲ್ಲಿ ‘ವಾರಂಟಿ’ ಕಾರ್ಡು ಇರುತ್ತದೆ. ಅಂಗಡಿಯವರು ‘ಗ್ಯಾರಂಟಿ ಇದೆ ಸಾರ್’ ಅನ್ನುತ್ತಾರೆ. ಎರಡೂ ಮೂಲದಲ್ಲಿ ಒಂದೇ ಪದ. ಫ್ರಾನ್ಸಿನ ಒಂದು ಭಾಗದ ಜನ ‘ವ’ ಅಂದದ್ದನ್ನು ಇನ್ನೊಂದು ಭಾಗದವರು ‘ಗ’ ಅಂದರು. ಇಂಗ್ಲಿಷ್ ಎರಡನ್ನೂ ತಂದಿಟ್ಟುಕೊಂಡಿತು. ಆಸ್ಪತ್ರೆಯ ‘ವಾರ್ಡ್’, ಬಾಗಿಲಿನ ‘ಗಾರ್ಡ್’ ಕೂಡ ಹೀಗೇ ಅಣ್ಣತಮ್ಮಂದಿರು.

ಹಾಗಾಗಿ ಈ ಪದದ ಹುಟ್ಟು ಕಪಟದಲ್ಲಿ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮೊದಲ ಹೆಣ್ಣು ಈವ್ ದೇವರ ಮುಂದೆ ನಿಂತು, ಹಾವು ತನ್ನನ್ನು ‘ಬಿಗೈಲ್’ ಮಾಡಿತು, ಅದಕ್ಕೇ ಹಣ್ಣು ತಿಂದೆ ಅನ್ನುತ್ತಾಳೆ. ಅದೇ ಪುಸ್ತಕದಲ್ಲಿ ಯಾಕೋಬ ಏಳು ವರ್ಷ ದುಡಿದದ್ದು ರಾಹೇಲಳನ್ನು ಮದುವೆಯಾಗುವುದಕ್ಕಾಗಿ. ಬೆಳಗಾಗಿ ನೋಡಿದರೆ ಮಾವ ಕೊಟ್ಟದ್ದು ಅವಳ ಅಕ್ಕ ಲೇಯಳನ್ನು. ‘ಯಾಕೆ ನನ್ನನ್ನು ಬಿಗೈಲ್ ಮಾಡಿದೆ’ ಅಂತ ಕೇಳುತ್ತಾನೆ. ಅಲ್ಲಿ ಮೋಡಿ ಏನೂ ಇಲ್ಲ, ಬರೀ ಮೋಸ. ಸಿಹಿ ಅರ್ಥ ನಿಧಾನವಾಗಿ ಬಂದು ಸೇರಿದ್ದು.

‘ಚಾರ್ಮ್’ನ ದಾರಿ ಬೇರೆ. ಅದರ ಬೇರು ಲ್ಯಾಟಿನ್ನಿನಲ್ಲಿ ‘ಹಾಡು, ಮಂತ್ರ’ ಅನ್ನುವ ಪದ. ‘ಎನ್‌ಚಾಂಟ್’ ಅಂದರೂ ಮೂಲದಲ್ಲಿ ಮಂತ್ರ ಹಾಡುವುದೇ. ನನಗೆ ಬಹಳ ಇಷ್ಟವಾದದ್ದು ‘ಗ್ಲಾಮರ್’. ಅದು ‘ಗ್ರಾಮರ್’ ಪದವೇ ಸ್ಕಾಟ್ಲೆಂಡಿನವರ ಬಾಯಲ್ಲಿ ರೂಪ ಬದಲಿಸಿಕೊಂಡದ್ದು. ಓದುಬರಹ ಬಲ್ಲವನಿಗೆ ಮಾಟವೂ ಬರುತ್ತದೆ ಅಂತ ಆಗಿನ ಜನ ನಂಬಿದ್ದರು. 30 ವರ್ಷ ಗ್ರಾಮರ್ ಪಾಠ ಮಾಡಿದವಳಿಗೆ ಇದು ತಿಳಿದ ದಿನ ಎಷ್ಟು ಸಂತೋಷ ಆಗಿರಬೇಡ!

ನಮ್ಮ ‘ಮರುಳು’ ಪದದ ಹಿಂದೆಯೂ ಇಂಥದ್ದೇ ನೆರಳಿದೆ. ಹಳಗನ್ನಡದಲ್ಲಿ ‘ಮರುಳ್’ ಅಂದರೆ ದೆವ್ವ, ಪಿಶಾಚಿ ಅಂತಲೂ ಅರ್ಥ. ರನ್ನನ ಗದಾಯುದ್ಧದ ರಣರಂಗದಲ್ಲಿ ಅಂಥ ಮರುಳುಗಳು ಬರುತ್ತವೆ. ಹುಚ್ಚು ಅನ್ನುವ ಅರ್ಥವೂ ಇದೆ. ‘ಜನ ಮರುಳೋ ಜಾತ್ರೆ ಮರುಳೋ’ ಅನ್ನುವಾಗ ನಾವು ಹೇಳುವುದು ಅದನ್ನೇ ಅಲ್ವಾ?

ವ್ಯತ್ಯಾಸ ಹೇಳಬೇಕಾದರೆ ನಿಮಗೆ ಗೊತ್ತಿರುವ ಎರಡು ಕಥೆ ಸಾಕು. ರಾವಣ ಸನ್ಯಾಸಿಯ ವೇಷದಲ್ಲಿ ಬಂದು ಭಿಕ್ಷೆ ಕೇಳಿದ. ಅದು ‘ಡಿಸೀವ್’. ಸೀತೆ ಆ ಸನ್ಯಾಸಿಯನ್ನು ನೋಡಿ ಮರುಳಾಗಲಿಲ್ಲ, ನಂಬಿದಳು. ಅದಕ್ಕೂ ಮೊದಲು ಮಾರೀಚ ಹೊನ್ನಿನ ಜಿಂಕೆಯಾಗಿ ಕಣ್ಣೆದುರು ಸುಳಿದನಲ್ಲ, ಅದು ‘ಬಿಗೈಲ್’. ಅವಳಿಗೆ ಅದು ಬೇಕು ಅನ್ನಿಸಿತು. ಮೋಹಿನಿ ಭಸ್ಮಾಸುರ ಇನ್ನೂ ಚೆನ್ನಾದ ಉದಾಹರಣೆ. ಯಕ್ಷಗಾನದಲ್ಲಿ ನೋಡಿ. ಮೋಹಿನಿ ಬೆದರಿಸುವುದಿಲ್ಲ. ಕುಣಿಯುತ್ತಾಳೆ, ತನ್ನ ಹಾಗೇ ಕುಣಿ ಅನ್ನುತ್ತಾಳೆ. ಅವನು ಒಂದೊಂದೇ ಹೆಜ್ಜೆ ಖುಷಿಯಿಂದ ಹಾಕುತ್ತ ಹೋಗಿ ತನ್ನ ಕೈ ತನ್ನ ತಲೆ ಮೇಲೇ ಇಟ್ಟುಕೊಳ್ಳುತ್ತಾನೆ. ಚೀಟ್ ಮಾಡುವವನು ನಿಮ್ಮ ಜೇಬಿಗೆ ಕೈ ಹಾಕುತ್ತಾನೆ. ಬಿಗೈಲ್ ಮಾಡುವವನಿಗೆ ಜೇಬಿನಿಂದ ತೆಗೆದು ನೀವೇ ಕೊಡುತ್ತೀರಿ.

‘ಟೋಪಿ ಹಾಕು’, ‘ಪಂಗನಾಮ ಹಾಕು’, ‘ಚಳ್ಳೆಹಣ್ಣು ತಿನ್ನಿಸು’ – ಇವನ್ನೆಲ್ಲ ಈ ಪದಕ್ಕೆ ಬಳಸಬೇಡಿ. ಅವುಗಳಲ್ಲಿ ಮೋಸ ಹೋದವರನ್ನು ನೋಡಿ ನಗುವ ದನಿ ಇದೆ.

ಪ್ರಶ್ನೆ: ‘ಬಿಗೈಲ್ ದಿ ಟೈಮ್’ ಅಂತ ಓದಿದೆ. ಕಾಲವನ್ನು ವಂಚಿಸುವುದು ಅಂದರೇನು?
– ಕನ್ನಡಿಗ ಓದುಗರು, ದುಬೈ

ಉತ್ತರ: ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಮಾಡುವುದು. ಬೇಸರದ ಹೊತ್ತನ್ನು ಏನಾದರೂ ಹಿತವಾದದ್ದು ಮಾಡಿ ಕಳೆಯುವುದು. ನಮ್ಮೂರಲ್ಲಿ ಕರೆಂಟು ಹೋದ ರಾತ್ರಿ ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಕಂಡ ಜನರ ಕಥೆ ಶುರು ಮಾಡುತ್ತಿದ್ದರು. ಕರೆಂಟು ಬಂದಾಗ ‘ಅಯ್ಯೋ, ಬಂತಾ’ ಅಂತ ನಮಗೇ ಬೇಜಾರಾಗುತ್ತಿತ್ತು. ಅಪ್ಪ ಮಾಡಿದ್ದು ಅದೇ. ಈ ಬಳಕೆ ಈಗ ಹಳೆಯದಾಯಿತು. ಓದುವಾಗ ಅರ್ಥವಾದರೆ ಸಾಕು, ಆಫೀಸಿನ ಇಮೇಲಿನಲ್ಲಿ ಬರೆಯಬೇಡಿ.

ಇನ್ನೊಂದು ಹಳೆಯ ಬಳಕೆ ‘ಬಿಗೈಲ್ ಆಫ್’. ಮರುಳುಮಾಡಿ ಏನನ್ನೋ ಕಸಿಯುವುದು. ಶೇಕ್ಸ್‌ಪಿಯರನ ಒಥೆಲೋ ನಾಟಕದ ಮೊದಲ ಅಂಕ, ಮೂರನೇ ದೃಶ್ಯದಲ್ಲಿ ಇದರ ಎರಡೂ ಮುಖ ಒಂದೇ ಕಡೆ ಸಿಗುತ್ತವೆ. ಮದ್ದುಮಾಟ ಮಾಡಿ ನನ್ನ ಮಗಳನ್ನು ಹಾರಿಸಿಕೊಂಡು ಹೋದರು ಅಂತ ಡೆಸ್ಡಿಮೋನಾಳ ಅಪ್ಪ ವೆನಿಸ್ಸಿನ ಸಭೆಯಲ್ಲಿ ದೂರು ಕೊಡುತ್ತಾನೆ. ಅವಳನ್ನು ಅವಳಿಂದಲೇ ‘ಬಿಗೈಲ್’ ಮಾಡಿದವನು ಯಾರೇ ಆಗಿರಲಿ, ಶಿಕ್ಷೆ ತಪ್ಪದು ಅನ್ನುತ್ತಾನೆ ಡ್ಯೂಕ್. ಆಮೇಲೆ ಅವಳನ್ನು ಮದುವೆಯಾದ ಒಥೆಲೋ ಎದ್ದು ನಿಂತು ತನ್ನ ಕಥೆ ಹೇಳುತ್ತಾನೆ. ಮಾಟ ಇಲ್ಲ, ಮದ್ದಿಲ್ಲ. ನಾನು ಪಟ್ಟ ಕಷ್ಟ ಹೇಳುತ್ತಿದ್ದೆ, ಎಷ್ಟೋ ಸಲ ಅವಳ ಕಣ್ಣೀರನ್ನು ‘ಬಿಗೈಲ್’ ಮಾಡಿದೆ, ಅಂದರೆ ಕಣ್ಣೀರು ತರಿಸಿದೆ ಅನ್ನುತ್ತಾನೆ. ದೂರಿನಲ್ಲಿ ಬಂದ ಪದವೇ ಪ್ರೀತಿಯಲ್ಲೂ ಬಂತು. ಕ್ಲಾಸಿನಲ್ಲಿ ಈ ದೃಶ್ಯ ಓದಿಸುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಪ್ರಶ್ನೆ: ನಮ್ಮ ತಂದೆಗೆ 71. ವಾಟ್ಸಾಪಿನ ಶೇರು ಗುಂಪೊಂದರಲ್ಲಿ ದುಡ್ಡು ಹಾಕಿ 3 ಲಕ್ಷ ಕಳೆದುಕೊಂಡರು. ತಮ್ಮ ಅಮೆರಿಕದಲ್ಲಿದ್ದಾನೆ, ಅವನ ಹೆಂಡತಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ಹಿ ವಾಸ್ ಫೂಲ್ಡ್’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಅಪ್ಪ ಆಗಲೇ ಊಟ ಬಿಟ್ಟಿದ್ದಾರೆ. ‘ಬಿಗೈಲ್ಡ್’ ಅನ್ನಬಹುದಾ? ಪೊಲೀಸ್ ದೂರಿನಲ್ಲೂ ಅದನ್ನೇ ಬರೆಯಬಹುದಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ದೂರಿನ ವಿಷಯ. ಇನ್ನೂ ಮಾಡಿಲ್ಲದಿದ್ದರೆ ಈ ಪುಟ ಮಡಚಿಟ್ಟು 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು. ಹೋದ ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ತಡೆಹಿಡಿಯಲು ಆಗ ಮಾತ್ರ ಆಗುತ್ತದೆ. ದೂರಿನಲ್ಲಿ ಈ ಪದ ಬೇಡ. ಕನ್ನಡದಲ್ಲೇ ಬರೆಯಿರಿ. ಯಾವ ದಿನ, ಯಾವ ಖಾತೆಗೆ, ಎಷ್ಟು ಕಳಿಸಿದಿರಿ, ಅವರು ಏನು ಹೇಳಿ ನಂಬಿಸಿದರು, ಇಷ್ಟು ಇರಲಿ. ಕಾನೂನಿನ ಪದ ‘ವಂಚನೆ’, ಇಂಗ್ಲಿಷಿನಲ್ಲಿ ‘ಚೀಟಿಂಗ್’. ಹಿಂದೆ 420 ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನಲ್ಲಿ ಬರುತ್ತದೆ.

ತಮ್ಮನ ಮನೆಗೆ ಬರೆಯುವ ಪತ್ರದಲ್ಲಿ ‘ಬಿಗೈಲ್’ ಖಂಡಿತ ಬರೆಯಿರಿ. ಅದೇ ಸರಿಯಾದ ಪದ. ಇಂಥ ಗುಂಪುಗಳು ನಡೆಯುವ ರೀತಿ ನೀವು ನೋಡಿದ್ದೀರಿ. ಮೊದಲು ಸಣ್ಣ ಮೊತ್ತ ಹಾಕಿಸುತ್ತಾರೆ. ಅದಕ್ಕೆ ಲಾಭ ಕೊಟ್ಟು, ಖಾತೆಗೆ ಬಂದದ್ದನ್ನು ಕಣ್ಣಿಗೆ ತೋರಿಸುತ್ತಾರೆ. ‘ಗುಡ್ ಮಾರ್ನಿಂಗ್ ಅಂಕಲ್’ ಅಂತ ದಿನಾ ವಿಚಾರಿಸಿಕೊಳ್ಳುತ್ತಾರೆ. ಅದು ನಮ್ಮ ಜಗಲಿಯ ಮಜ್ಜಿಗೆ, ತಮ್ಮನ ಪೆಪ್ಪರಮೆಂಟು, ಅಮ್ಮನ ಉಂಗುರ. ‘ಡಿಜಿಟಲ್ ಅರೆಸ್ಟ್’ ಅಂತ ಸಮವಸ್ತ್ರ ಹಾಕಿಕೊಂಡು ವಿಡಿಯೋ ಕಾಲಿನಲ್ಲಿ ಹೆದರಿಸಿ ಕೀಳುತ್ತಾರಲ್ಲ, ಅದಕ್ಕೆ ಮಾತ್ರ ಈ ಪದ ಹೊಂದುವುದಿಲ್ಲ. ಅದು ಬೆದರಿಕೆ. ನಿಮ್ಮ ತಂದೆಗೆ ಆದದ್ದು ಆದರದ ಸೋಗಿನಲ್ಲಿ.

ಒಂದು ಮಾತು ಗಮನಿಸಿ. ‘ಹಿ ವಾಸ್ ಬಿಗೈಲ್ಡ್’ ಅನ್ನುವುದಕ್ಕಿಂತ ‘ದೇ ಬಿಗೈಲ್ಡ್ ಹಿಮ್’ ಅಂತ ಬರೆಯಿರಿ. ಕನ್ನಡದಲ್ಲೂ ಮನೆಯಲ್ಲಿ ಹಾಗೇ ಮಾತಾಡಿ. ‘ಅಪ್ಪ ಮರುಳಾದರು’ ಅಂದಾಗ ತಪ್ಪು ಅಪ್ಪನ ತಲೆ ಮೇಲೆ ಬೀಳುತ್ತದೆ. ‘ಅಪ್ಪನನ್ನು ಮರುಳುಮಾಡಿದರು’ ಅಂದರೆ ಮಾಡಿದವರು ಕಣ್ಣಿಗೆ ಬೀಳುತ್ತಾರೆ. ಊಟ ಬಿಟ್ಟು ಕೂತವರಿಗೆ ಈ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಇದು ತಿಳಿಯಲು ಹತ್ತು ವರ್ಷ ಬೇಕಾಯಿತು. ಅಕ್ಕನ ಮದುವೆಗೆ ಸೋದರತ್ತೆಯ ಸೀರೆ ಉಡಿಸಿದರು. ಮಾವಿನ ಚಿಗುರಿನ ಸೀರೆ ಟ್ರಂಕಿನ ತಳಕ್ಕೆ ಹೋಯಿತು. ಅಂಗಡಿಗೆ ಹೊರಟರೆ ಸಾಕು, ‘ನೋಡಿಕೊಂಡು ತಗೋ, ಮರುಳಾಗ್ಬೇಡ’ ಅಂತ ಯಾರಾದರೊಬ್ಬರು ಅಮ್ಮನಿಗೆ ಹೇಳುವರು. ಅಮ್ಮ ಬರಬರುತ್ತಾ ಅಂಗಡಿಗೆ ಹೋಗುವುದನ್ನೇ ಬಿಟ್ಟಳು.

1988ರಲ್ಲಿ ನನಗೆ ಕೆಲಸ ಸಿಕ್ಕಿ, ಮೊದಲ ವರ್ಷವೇ ಪಾಠದಲ್ಲಿ ಈ ಪದ ಬಂತು. ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಇಂಗ್ಲಿಷಿನಲ್ಲಿ ಹೀಗೊಂದು ಮಾತಿದೆ, ಮೋಸಕ್ಕೂ ಅದೇ, ಚೆಂದಕ್ಕೂ ಅದೇ, ನೀನು ಅವತ್ತು ಅಂದದ್ದು ಅದನ್ನೇ, ಅಂದೆ. ಅಮ್ಮ ಒಲೆಯ ಉರಿ ಸಣ್ಣ ಮಾಡಿ, ‘ಅವರ ಕಡೇಲೂ ಇಂಥೋರು ಇದ್ರಾ?’ ಅಂತ ಕೇಳಿದಳು. ಏಳೆಂಟುನೂರು ವರ್ಷದಿಂದ ಇದ್ದಾರೆ ಅಂದೆ. ಏನೂ ಮಾತಾಡಲಿಲ್ಲ.

ಮಾರನೇ ದಿನ ನಾನು ಸ್ಕೂಲಿಂದ ಬಂದಾಗ ಅಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಉಟ್ಟಿದ್ದು ಮಾವಿನ ಚಿಗುರಿನ ಸೀರೆ. ಹತ್ತು ವರ್ಷದ ಮಡಿಕೆ ಗೆರೆಗಳು ಹಾಗೇ ಇದ್ದವು. ‘ಬಣ್ಣ ಮಾತ್ರ ಹೋಗಿಲ್ಲ ನೋಡು’ ಅಂದಳು.